ಗೋಧಿ ಬಿಟ್ಟವರಿಗೆ ಬಡಿಸುವಾಗ

ಸೀಲಿಯಾಕ್ ಎಂಬ ಕಾಯಿಲೆಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು, ಹಲವರು ಕೇಳಿರಲಿಕ್ಕಿಲ್ಲ. ಈ ಕಾಯಿಲೆ ಇದ್ದವರು ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳನ್ನು ಜೀವ ಇರುವ ತನಕ ಬಾಯಿಗೆ ಇಡುವ ಹಾಗಿಲ್ಲ. ಇದಕ್ಕೆ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಆಪರೇಷನ್ ಇಲ್ಲ. ಊಟವೇ ಔಷಧ. ನನ್ನ ಮಗಳಿಗೆ ಈ ಕಾಯಿಲೆ ಇದೆ. ಆದರೆ ಇವತ್ತು ನಾನು ಮಾತಾಡಬೇಕೆಂದು ಬಂದದ್ದು ಅವಳಂಥವರ ಜೊತೆಗಿಂತ ಹೆಚ್ಚಾಗಿ ಅವರಿಗೆ ಉಣಬಡಿಸುವವರ ಜೊತೆ. ಮನೆಯ ಅಜ್ಜಿಯರು, ಅತ್ತೆ ಅತ್ತಿಗೆಯರು, ಗಿರಣಿಯವರು, ಖಾನಾವಳಿ ನಡೆಸುವವರು, ಶಾಲೆಯ ಅಕ್ಕೋರು, ಮದುವೆ ಮನೆಯ ಅಡುಗೆಯವರು, ಎಲ್ಲರೂ ಸ್ವಲ್ಪ ಹತ್ತಿರ ಬಂದು ಕೇಳಬೇಕು. ಗೋಧಿ ಬಿಟ್ಟವರ ಆರೋಗ್ಯ ಅವರ ಕೈಯಲ್ಲಿ ಇರುವುದು ಅರ್ಧ ಮಾತ್ರ. ಉಳಿದರ್ಧ ಹಿಟ್ಟು ಬೀಸುವವರ, ಹಂಚು ಇಡುವವರ, ತಾಟಿಗೆ ಹಾಕುವವರ ಕೈಯಲ್ಲಿದೆ.

ಮೊದಲು ಕಾಯಿಲೆ ಏನೆಂದು ಹೇಳುತ್ತೇನೆ. ಗೋಧಿಹಿಟ್ಟಿನ ಕಣಕವನ್ನು ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆಯುತ್ತಾ ಹೋದರೆ ಪಿಷ್ಟವೆಲ್ಲ ನೀರಿಗಿಳಿದು, ಕೊನೆಗೆ ಕೈಯಲ್ಲಿ ಒಂದು ಅಂಟಿನ ಮುದ್ದೆ ಉಳಿಯುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಇಟಲಿಯ ಬೊಲೊನ್ಯದಲ್ಲಿ ಬೆಕ್ಕಾರಿ ಎಂಬ ವಿದ್ವಾಂಸ 1728ರಲ್ಲೇ ಇದನ್ನು ಬೇರ್ಪಡಿಸಿ ವಿವರಿಸಿದ್ದ. ಇದೇ ಗ್ಲುಟೆನ್. ಚಪಾತಿ ಉಬ್ಬುವುದು, ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು, ಬ್ರೆಡ್ಡು ಮೆತ್ತಗಾಗುವುದು ಎಲ್ಲ ಇದರಿಂದ. ಈ ಪ್ರೋಟೀನಿನ ಕೆಲವು ತುಣುಕುಗಳು ಯಾರ ಹೊಟ್ಟೆಯಲ್ಲೂ ಪೂರ್ತಿ ಜೀರ್ಣವಾಗುವುದಿಲ್ಲ. ಬಹಳಷ್ಟು ಜನರಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಮಾತ್ರ ಆ ತುಣುಕುಗಳನ್ನು ಕಂಡು ಕೆರಳಿ, ತನ್ನದೇ ಸಣ್ಣ ಕರುಳಿನ ಮೇಲೆ ಬೀಳುತ್ತದೆ. ಸಣ್ಣ ಕರುಳಿನ ಒಳಮೈಯಲ್ಲಿ ಹೊಸ ಟವೆಲ್ಲಿನ ಎಳೆಗಳ ಹಾಗೆ ಎದ್ದು ನಿಂತ ಸೂಕ್ಷ್ಮ ಕುಚ್ಚುಗಳಿವೆ. ಉಂಡದ್ದರ ಸತ್ವ ರಕ್ತಕ್ಕೆ ಸೇರುವುದು ಅವುಗಳ ಮೂಲಕವೇ. ಅವು ಸವೆದು ಚಪ್ಪಟೆಯಾದರೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಕಬ್ಬಿಣ, ಫೋಲಿಕ್ ಆಮ್ಲ, ಕ್ಯಾಲ್ಸಿಯಂ, ಡಿ ವಿಟಮಿನ್ ಎಲ್ಲ ಬಂದ ದಾರಿಗೆ ಸುಂಕವಿಲ್ಲದೆ ಹೊರಗೆ ಹೋಗುತ್ತವೆ.

ನನ್ನ ಮಗಳಿಗೆ ಆದದ್ದು ಇದೇ. ಮುಖ ಬಿಳಿಚಿಕೊಂಡಿತ್ತು, ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಉಬ್ಬಿರುತ್ತಿತ್ತು. ವಾರಿಗೆಯ ಹುಡುಗಿಯರು ಎತ್ತರವಾಗುತ್ತಾ ಹೋದರು, ಇವಳ ಲಂಗ ವರ್ಷ ಕಳೆದರೂ ಗಿಡ್ಡವಾಗಲಿಲ್ಲ. ಜಂತಿನ ಔಷಧ ಆಯಿತು, ಕಬ್ಬಿಣದ ಟಾನಿಕ್ಕು ಆಯಿತು, ಹಿಮೋಗ್ಲೋಬಿನ್ ಏರಲೇ ಇಲ್ಲ. ಕಡೆಗೆ ಒಬ್ಬ ಮಕ್ಕಳ ವೈದ್ಯರು ಟಾನಿಕ್ಕಿನ ಬಾಟಲಿಗಳನ್ನೆಲ್ಲ ನೋಡಿ, ಇಷ್ಟು ಕಬ್ಬಿಣ ಕೊಟ್ಟರೂ ರಕ್ತ ಏರುತ್ತಿಲ್ಲ ಎಂದರೆ ಅದನ್ನು ಹೀರಿಕೊಳ್ಳುವ ಜಾಗದಲ್ಲೇ ತೊಂದರೆ ಇರಬೇಕು ಎಂದರು. ಟಿಟಿಜಿ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದಾಗ ಕಾಯಿಲೆ ಖಚಿತವಾಯಿತು.

ಎಲ್ಲರಿಗೂ ಹೀಗೇ ಕಾಣಿಸಿಕೊಳ್ಳಬೇಕೆಂದಿಲ್ಲ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ. ಕೆಲವರಿಗೆ ಹೊಟ್ಟೆಯ ತೊಂದರೆಯೇ ಇಲ್ಲದೆ ಬರೀ ರಕ್ತಹೀನತೆ, ಬಾಯಿಹುಣ್ಣು, ಎಲುಬಿನ ಸವೆತ, ಮೊಣಕೈ ಮೊಣಕಾಲಿನ ಮೇಲೆ ತುರಿಸುವ ಗುಳ್ಳೆ. ಕೆಲವು ಹೆಣ್ಣುಮಕ್ಕಳಲ್ಲಿ ಮತ್ತೆ ಮತ್ತೆ ಗರ್ಭ ನಿಲ್ಲದಿರುವುದಕ್ಕೂ ಇದು ಕಾರಣವಾಗಿರುತ್ತದೆ. ಮೊದಲ ಬಗೆಯ ಸಕ್ಕರೆ ಕಾಯಿಲೆ, ಅಂದರೆ ಚಿಕ್ಕ ವಯಸ್ಸಿನಲ್ಲೇ ಬಂದು ಇನ್ಸುಲಿನ್ ಬೇಕಾಗುವಂಥದ್ದು, ಇರುವ ಮಕ್ಕಳಲ್ಲಿ ಇದು ಉಳಿದವರಿಗಿಂತ ಹೆಚ್ಚು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ ಇದೆ. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಗೊತ್ತಾದರೆ ಉಳಿದವರೂ ರಕ್ತ ಪರೀಕ್ಷೆ ಮಾಡಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಭಾಷಣ ಕೇಳಿ ಅನುಮಾನ ಬಂದವರು ಇವತ್ತೇ ಗೋಧಿ ಬಿಡಬೇಡಿ. ಗೋಧಿ ತಿನ್ನುತ್ತಾ ಇದ್ದಾಗಲೇ ಪರೀಕ್ಷೆ ಮಾಡಿಸಬೇಕು. ಮೊದಲೇ ಬಿಟ್ಟುಬಿಟ್ಟರೆ ರಕ್ತದಲ್ಲಿ ಗುರುತು ಮಾಸಿ, ಕರುಳು ವಾಸಿಯಾಗುತ್ತಾ ಬಂದು, ಕಾಯಿಲೆ ಇದ್ದರೂ ಇಲ್ಲವೆಂದೇ ಫಲಿತಾಂಶ ಬರುತ್ತದೆ. ಆಮೇಲೆ ನಿಜ ತಿಳಿಯಲು ಮತ್ತೆ ವಾರಗಟ್ಟಲೆ ಗೋಧಿ ತಿಂದು ನರಳಬೇಕಾಗುತ್ತದೆ. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ನಮ್ಮ ಕಡೆ ಇದು ತಡವಾಗಿ ಗೊತ್ತಾಗುವುದಕ್ಕೆ ಕಾರಣವಿದೆ. ಭಾರತದ ಮೂರು ಭಾಗಗಳಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಈ ಕಾಯಿಲೆಯ ಗುರುತು ಉತ್ತರ ಭಾರತದವರ ರಕ್ತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಸಿಕ್ಕರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಸಿಕ್ಕಿತು. ಇದಕ್ಕೆ ಬೇಕಾದ ಆನುವಂಶಿಕ ಗುಣ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಕಂಡದ್ದು ತಿನ್ನುವ ಗೋಧಿಯ ಪ್ರಮಾಣದಲ್ಲಿ. ದಕ್ಷಿಣದ ವೈದ್ಯರು ಹಿಂದಿನಿಂದಲೂ ಇಂಥ ಲಕ್ಷಣ ಕಂಡರೆ ಉಷ್ಣವಲಯದ ಸ್ಪ್ರೂ ಎಂಬ ಬೇರೊಂದು ಕಾಯಿಲೆಯನ್ನೋ, ಕರುಳಿನ ಕ್ಷಯವನ್ನೋ ಮೊದಲು ನೆನೆಯುತ್ತಿದ್ದರು. ಆದರೆ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ನಾವು ಜೋಳದ ಜೊತೆ ಗೋಧಿಯನ್ನೂ ಬೆಳೆದು ತಿನ್ನುವವರು. ಈಗಂತೂ ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಚಪಾತಿ, ಸಂಜೆಯ ಬಿಸ್ಕತ್ತು, ರಾತ್ರಿಯ ಪರೋಟಾ ಎಂದು ನಾಲ್ಕು ಹೊತ್ತೂ ಗೋಧಿಯೇ ಆಗಿರುವ ಮನೆಗಳು ಬೆಂಗಳೂರಿನಲ್ಲೂ ಇವೆ, ಹುಬ್ಬಳ್ಳಿಯಲ್ಲೂ ಇವೆ. ವೈದ್ಯರ ಅನುಮಾನವೂ ನಮ್ಮ ತಾಟಿನ ಜೊತೆಗೆ ಬದಲಾಗಬೇಕು.

ಗೋಧಿಯೇ ಕಾರಣ ಎಂದು ತಿಳಿಯಲು ಜಗತ್ತಿಗೇ ಬಹಳ ಕಾಲ ಹಿಡಿಯಿತು. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯ ಮಕ್ಕಳ ಈ ಕಾಯಿಲೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಪಷ್ಟವಾಗಿ ವರ್ಣಿಸಿ, ವಾಸಿಯಾಗುವುದಿದ್ದರೆ ಪಥ್ಯದಿಂದಲೇ ಆಗಬೇಕು ಎಂದಿದ್ದ. ಯಾವ ಪಥ್ಯ ಎಂಬುದು ಗೊತ್ತಿರಲಿಲ್ಲ. ನ್ಯೂಯಾರ್ಕಿನ ಸಿಡ್ನಿ ಹಾಸ್ 1924ರಲ್ಲಿ ಬಾಳೆಹಣ್ಣಿನ ಪಥ್ಯ ಪ್ರಕಟಿಸಿದ. ಅದರಿಂದ ಮಕ್ಕಳು ಬದುಕಿದರು, ಆದರೆ ಗುಣವಾಯಿತೆಂದು ಮತ್ತೆ ಬ್ರೆಡ್ಡು ಕೊಟ್ಟಾಗ ಕಾಯಿಲೆ ಮರಳಿತು. ಗುಟ್ಟು ಹಿಡಿದವರು ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಕರೆಲ್ ಡಿಕ್ಕೆ. ಬ್ರೆಡ್ಡು ಬಿಡಿಸಿದಾಗ ತನ್ನ ಮಗುವಿನ ಮೈಮೇಲಿನ ದದ್ದು ಬೇಗ ಕಡಿಮೆಯಾಗುತ್ತದೆ ಎಂದು ಒಬ್ಬ ತಾಯಿ ಹೇಳಿದ್ದನ್ನು ಅವರು 1930ರ ದಶಕದಲ್ಲಿ ಕಿವಿಗೆ ಹಾಕಿಕೊಂಡರು, ಗೋಧಿ ಇಲ್ಲದ ಪಥ್ಯವನ್ನು ಪ್ರಯೋಗಿಸಿ 1941ರಲ್ಲಿ ಅದರ ಬಗ್ಗೆ ಬರೆದರು. 1944-45ರ ಚಳಿಗಾಲದಲ್ಲಿ ಯುದ್ಧದ ದಿಗ್ಬಂಧನದಿಂದ ಆ ದೇಶದಲ್ಲಿ ಬ್ರೆಡ್ಡು ಸಿಗದೆ ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು. ಊರಿಗೆ ಊರೇ ಸೊರಗಿದ ಆ ದಿನಗಳಲ್ಲಿ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದೊಡನೆ ಮತ್ತೆ ಮಲಗಿದರು. ಡಿಕ್ಕೆ ಎಲ್ಲವನ್ನೂ ಲೆಕ್ಕವಿಟ್ಟು ಪರೀಕ್ಷಿಸಿ 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಮಗುವಿಗೆ ಉಣಿಸುವ ತಾಯಿ ಗಮನಿಸಿ ಹೇಳಿದ ಮಾತನ್ನು ಹಗುರಾಗಿ ತಳ್ಳಿಹಾಕದ ಒಬ್ಬ ವೈದ್ಯರಿಂದ ಇಷ್ಟು ಮಕ್ಕಳ ಜೀವ ಉಳಿಯಿತು. ಆ ಹೆಸರನ್ನು ನಾನು ಕೃತಜ್ಞತೆಯಿಂದ ಹೇಳುತ್ತೇನೆ.

ಈಗ ಅಡುಗೆಮನೆಗೆ ಬರೋಣ. ಚಪಾತಿ ಬಿಟ್ಟರೆ ಆಯಿತಲ್ಲ ಎಂದು ಬಹಳ ಜನ ಕೇಳುತ್ತಾರೆ. ಚಪಾತಿ ಬಿಡುವುದು ಸುಲಭ, ಅದು ಕಣ್ಣಿಗೆ ಕಾಣುತ್ತದೆ. ಕಷ್ಟವಿರುವುದು ಚಿಟಿಕೆಯಲ್ಲಿ. ಇಟಲಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿನ ಕುಚ್ಚುಗಳಿಗೆ ಪೆಟ್ಟು ಬೀಳುವುದು ಕಂಡುಬಂತು. 50 ಮಿಲಿಗ್ರಾಂ ಗ್ಲುಟೆನ್ ಎಂದರೆ ಸುಮಾರು ಅರ್ಧ ಗ್ರಾಂ ಗೋಧಿಹಿಟ್ಟು. ಎರಡು ಬೆರಳಿಗೆ ಅಂಟಿಕೊಳ್ಳುವಷ್ಟು. ಲಟ್ಟಿಸುವಾಗ ಮಣೆಯ ಸುತ್ತ ಹಾರುವ ಹಿಟ್ಟು ಅದಕ್ಕಿಂತ ಹೆಚ್ಚಿರುತ್ತದೆ.

ಇಂಗನ್ನೇ ತೆಗೆದುಕೊಳ್ಳಿ. ಅಫ್ಘಾನಿಸ್ತಾನ, ಇರಾನಿನ ಕಡೆಯಿಂದ ಬರುವ ಅಸಲು ಇಂಗಿನ ಅಂಟು ಬಹಳ ಖಾರ, ಹಾಗೇ ಬಳಸಲಾಗುವುದಿಲ್ಲ. ಅದಕ್ಕೆ ಗೋಂದು, ಹಿಟ್ಟು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಆ ಹಿಟ್ಟು ಹೆಚ್ಚಿನ ಡಬ್ಬಿಗಳಲ್ಲಿ ಮೈದಾ ಅಥವಾ ಗೋಧಿ. ಅನ್ನ, ತೊವ್ವೆ, ಸಾರು, ಮಜ್ಜಿಗೆ ಎಲ್ಲವೂ ಗೋಧಿ ಇಲ್ಲದ ಊಟವೇ, ಆದರೆ ಆ ಒಗ್ಗರಣೆಯ ಇಂಗಿನಿಂದ ಪೂರ್ತಿ ಪಂಕ್ತಿಯೇ ಕೆಡುತ್ತದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಇದ್ದೇ ಇದೆ, ಬೆಳ್ಳುಳ್ಳಿ ತಿನ್ನದವರು ಜೀರಿಗೆಯಲ್ಲಿ ಮುಗಿಸಬಹುದು.

ಎರಡನೆಯದು ಗಿರಣಿ. ಜೋಳದಲ್ಲಿ ಗ್ಲುಟೆನ್ ಇಲ್ಲ, ರಾಗಿಯಲ್ಲಿ ಇಲ್ಲ, ಅಕ್ಕಿ, ಸಜ್ಜೆ, ನವಣೆ, ಸಾಮೆ, ಮೆಕ್ಕೆಜೋಳ ಯಾವುದರಲ್ಲೂ ಇಲ್ಲ. ಆದರೆ ನಮ್ಮ ಓಣಿಯ ಗಿರಣಿಯಲ್ಲಿ ಅದೇ ಕಲ್ಲಿನ ಮೇಲೆ ಈಗಷ್ಟೇ ಯಾರದೋ ಗೋಧಿ ಬೀಸಿರುತ್ತಾರೆ. ಕಲ್ಲಿನ ಸಂದಿನಲ್ಲಿ, ಹಿಟ್ಟು ಇಳಿಯುವ ಬಾಯಿಯ ಬಟ್ಟೆ ಚೀಲದಲ್ಲಿ ಗೋಧಿಹಿಟ್ಟು ಉಳಿದಿರುತ್ತದೆ. ಮುಂದಿನ ಕಿಲೋ ಜೋಳದೊಳಗೆ ಅದು ಸೇರುತ್ತದೆ. ನಮ್ಮ ಗಿರಣಿಯವರು ಮೊದಲಿಂದಲೂ ‘ಯಾವುದರ ಮ್ಯಾಲ ಹಾಕಲಿ ಅಕ್ಕಾ?’ ಎಂದು ಕೇಳುವವರು. ರುಚಿ ಕೆಡಬಾರದೆಂದು ಅಕ್ಕಿಯ ಮೇಲೆ ಅಕ್ಕಿ, ಕಡಲೆಯ ಮೇಲೆ ಕಡಲೆ ಬೀಸಿಸಿಕೊಳ್ಳುವ ರೂಢಿ ನಮ್ಮಲ್ಲಿ ಇದೆಯಲ್ಲ. ಸೀಲಿಯಾಕ್ ಇದ್ದವರಿಗೆ ಅಷ್ಟೂ ಸಾಲದು. ಬೆಳಿಗ್ಗೆ ಗಿರಣಿ ಬಾಗಿಲು ತೆಗೆದ ಹೊತ್ತಿಗೆ, ಕಲ್ಲು ಸ್ವಚ್ಛ ಮಾಡಿ, ಮೊದಲು ಒಂದಷ್ಟು ಅಕ್ಕಿ ಹಾಕಿ ಅದನ್ನು ಬೇರೆ ತೆಗೆದು, ಆಮೇಲೆ ನಮ್ಮ ಜೋಳ ಹಾಕಿಸುತ್ತಿದ್ದೆವು. ಹಿಟ್ಟು ಹಿಡಿಯಲು ನಮ್ಮದೇ ಬಟ್ಟೆ ಒಯ್ಯುತ್ತಿದ್ದೆವು. ಇದೂ ಪೂರಾ ಭರವಸೆಯ ದಾರಿ ಆಗಲಿಲ್ಲ. ಈಗ ಮನೆಯಲ್ಲೇ ಒಂದು ಸಣ್ಣ ವಿದ್ಯುತ್ ಗಿರಣಿ ಇಟ್ಟಿದ್ದೇವೆ, ಅದರಲ್ಲಿ ಗೋಧಿ ಎಂದೂ ಬೀಳುವುದಿಲ್ಲ. ಎಲ್ಲರಿಗೂ ಅದು ಆಗುವ ಮಾತಲ್ಲ. ವಾರದಲ್ಲಿ ಒಂದು ಹೊತ್ತು, ಗಿರಣಿ ತೊಳೆದ ಮೇಲೆ, ಬರೀ ಜೋಳ ರಾಗಿ ಅಕ್ಕಿ ಮಾತ್ರ ಬೀಸುತ್ತೇವೆ ಎಂದು ಊರಿಗೊಬ್ಬ ಗಿರಣಿಯವರು ಮನಸ್ಸು ಮಾಡಿದರೂ ಸಾಕು. ಅವರಿಗೆ ಕೈ ಮುಗಿಯುತ್ತೇನೆ.

ಜೋಳದ ರೊಟ್ಟಿ ನಮ್ಮ ಮನೆಯನ್ನು ಕಾಪಾಡಿತು ಎಂದರೆ ಹೆಚ್ಚಲ್ಲ. ಪಟ್ಟಣದ ಅಂಗಡಿಗಳಲ್ಲಿ ಗ್ಲುಟೆನ್ ಮುಕ್ತ ಎಂದು ಮಾರುವ ಬ್ರೆಡ್ಡು ಬಿಸ್ಕತ್ತಿನ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅದರಲ್ಲಿ ಬಹುಪಾಲು ಆಲೂಗಡ್ಡೆ, ಮರಗೆಣಸು, ಅಕ್ಕಿಯ ಪಿಷ್ಟ. ನಾರು ಕಡಿಮೆ, ಸಕ್ಕರೆ ಹೆಚ್ಚು. ಇಲ್ಲಿ ನೋಡಿ, ಕುದಿಯುವ ಎಸರನ್ನು ಜೋಳದ ಹಿಟ್ಟಿನ ನಡುವೆ ಸುರಿದು ಬಿಸಿಯಿದ್ದಾಗಲೇ ನಾದಿದರೆ ಪಿಷ್ಟ ಬೆಂದು ಜಿಗಿ ಬರುತ್ತದೆ. ಗ್ಲುಟೆನ್ ಮಾಡುವ ಕೆಲಸವನ್ನು ಆ ಬಿಸಿನೀರು ಮಾಡುತ್ತದೆ. ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಬಟ್ಟೆಯಿಂದ ಒತ್ತಿದರೆ ಉಬ್ಬುತ್ತದೆ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಆಗ ಕೆಲವರು ಒಂದು ಹಿಡಿ ಗೋಧಿಹಿಟ್ಟು ಸೇರಿಸಿ ಬಡಿಯುತ್ತಾರೆ. ಖಾನಾವಳಿಯಲ್ಲಿ ರೊಟ್ಟಿ ತಿನ್ನುವ ಮುನ್ನ ಅದನ್ನು ಕೇಳಿ ತಿಳಿದುಕೊಳ್ಳಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಡಬ್ಬಿಗೆ ಹಾಕಿಕೊಂಡರೆ ಎಷ್ಟು ದೂರದ ರೈಲು ಪ್ರಯಾಣಕ್ಕೂ ಹೆದರಬೇಕಿಲ್ಲ. ಮೈಸೂರು, ಹಾಸನ, ತುಮಕೂರಿನವರಿಗೆ ರಾಗಿ ಮುದ್ದೆ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಎಲುಬು ಸವೆದವರಿಗೆ ಅದು ಬೇಕೇ ಬೇಕು. ಕರಾವಳಿಯವರಿಗೆ ನೀರುದೋಸೆ, ಅಕ್ಕಿಯ ಒತ್ತು ಶಾವಿಗೆ ಇವೆ. ಇಡ್ಲಿಗೆ ರವೆ ಎಂದರೆ ಅಕ್ಕಿ ರವೆಯೇ ಎಂದು ಖಚಿತ ಮಾಡಿಕೊಂಡರೆ ಇಡ್ಲಿ ದೋಸೆಗೂ ಅಡ್ಡಿಯಿಲ್ಲ.

ಆದರೆ ನಮ್ಮ ಜವೆಗೋಧಿ ಹಳೆಯ ತಳಿ, ಅದು ನಡೆಯುತ್ತದೆ ಎಂದು ಹೇಳುವವರಿದ್ದಾರೆ. ನಡೆಯುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಅದು ಒಳ್ಳೆಯದಿರಬಹುದು, ಸೀಲಿಯಾಕ್ ಇದ್ದವರಿಗೆ ಅದೂ ಗೋಧಿಯೇ. ರವೆ, ಚಿರೋಟಿ ರವೆ, ಬನ್ಸಿ ರವೆ, ಮೈದಾ ಎಲ್ಲ ಗೋಧಿಯವೇ. ಹಾಲಿಗೆ ಹಾಕುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ. ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ. ಓಟ್ಸ್ ತಾನಾಗಿ ಹೆಚ್ಚಿನವರಿಗೆ ತೊಂದರೆ ಮಾಡದಿದ್ದರೂ ಗೋಧಿಯ ಜೊತೆ ಬೆರಕೆಯಾಗಿಯೇ ಬರುವುದರಿಂದ ವೈದ್ಯರನ್ನು ಕೇಳದೆ ತಿನ್ನಬಾರದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ರಾಗಿ ಬಿಸ್ಕತ್ತು, ನವಣೆ ಶಾವಿಗೆ, ಸಿರಿಧಾನ್ಯದ ನೂಡಲ್ಸ್ ಎಲ್ಲೆಲ್ಲೂ ಕಾಣುತ್ತಿವೆ. ಮುಂದೆ ದೊಡ್ಡದಾಗಿ ರಾಗಿಯ ತೆನೆಯ ಚಿತ್ರ, ಹಿಂದೆ ತಿರುವಿದರೆ ಮೊದಲ ಪದಾರ್ಥವೇ ಮೈದಾ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಗ್ಲುಟೆನ್ ಮುಕ್ತ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಗೋಧಿ ಇದ್ದರೆ ಅಲರ್ಜಿಯ ಸೂಚನೆಯಲ್ಲಿ ಅದನ್ನು ಹೇಳಲೇಬೇಕು. ಪೊಟ್ಟಣದ ಹಿಂಬದಿ ಓದುವುದನ್ನು ಎಂಟು ವರ್ಷದ ಮಗುವೂ ಕಲಿಯುತ್ತದೆ, ನನ್ನ ಮಗಳು ಕಲಿತದ್ದು ಅದೇ ವಯಸ್ಸಿನಲ್ಲಿ.

ಮನೆಯಲ್ಲಿ ಉಳಿದವರು ಗೋಧಿ ತಿನ್ನುವುದಾದರೆ ಹಂಚು, ಲಟ್ಟಣಿಗೆ ಮಣೆ, ಜರಡಿ, ಕಟ್ಟಿಗೆ ಸೌಟು ಬೇರೆ ಇಡಬೇಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬಾರದು. ಗೋಧಿಹಿಟ್ಟಿನ ಡಬ್ಬಿಯ ಚಮಚ ಅಕ್ಕಿಹಿಟ್ಟಿಗೆ ಹೋಗಬಾರದು. ನಾವು ಒಂದು ಹೆಜ್ಜೆ ಮುಂದೆ ಹೋಗಿ ಮನೆಗೆ ಗೋಧಿ ತರುವುದನ್ನೇ ನಿಲ್ಲಿಸಿದೆವು. ನನ್ನ ಅತ್ತೆಯವರೇ ಮೊದಲು ಹೇಳಿದ ಮಾತದು: ‘ಕೂಸಿಗೊಂದು, ನಮಗೊಂದು ಬ್ಯಾಡ, ಎಲ್ಲಾರೂ ರೊಟ್ಟೀನ ಉಣ್ಣೂಣು.’ ಎಪ್ಪತ್ತು ದಾಟಿದ ಹಿರಿಯರು, ಮೆತ್ತನೆ ಚಪಾತಿಯೇ ಬೇಕಾದ ಹಲ್ಲು ಅವರದು. ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ಉಂಡರು. ಯಾವ ವೈದ್ಯರ ಚೀಟಿಯೂ ಮಾಡದ ಉಪಕಾರ ಅದು. ತನಗಾಗಿ ಬೇರೆ ಹಂಚು ಇಟ್ಟಿದ್ದಾರೆ ಎಂದು ದಿನವೂ ನೋಡುವ ಮಗುವಿಗೂ, ಎಲ್ಲರ ಜೊತೆ ಒಂದೇ ಬುಟ್ಟಿಯಿಂದ ರೊಟ್ಟಿ ತೆಗೆದುಕೊಳ್ಳುವ ಮಗುವಿಗೂ ಬಹಳ ವ್ಯತ್ಯಾಸವಿದೆ.

ಬಂಧುಗಳ ಪ್ರೀತಿಯನ್ನು ದಾಟುವುದು ಇನ್ನೂ ಕಷ್ಟ. ‘ಒಂದ ಹೋಳಿಗಿ ತಿಂದ್ರ ಏನಾಗತೈತಿ, ತಿನ್ನವ್ವಾ, ಹಬ್ಬ ಐತಿ.’ ಈ ಮಾತು ಕೆಟ್ಟ ಮನಸ್ಸಿನಿಂದ ಬರುವುದಿಲ್ಲ, ಅಕ್ಕರೆಯಿಂದ ಬರುತ್ತದೆ, ಅದಕ್ಕೇ ಮಗುವಿಗೆ ಇಲ್ಲ ಎನ್ನಲು ಆಗುವುದಿಲ್ಲ. ಒಂದು ಹೋಳಿಗೆ ತಿಂದ ಮಗು ಅಲ್ಲೇ ಬೀಳುವುದಿಲ್ಲ, ನಿಜ. ಕೆಲವರಿಗೆ ಆ ದಿನ ಏನೂ ತೋರುವುದೂ ಇಲ್ಲ. ಹಾಗಾಗಿ ನೋಡಿದಿರಾ, ಏನೂ ಆಗಲಿಲ್ಲ ಎನ್ನುತ್ತಾರೆ. ಒಳಗೆ ಕರುಳಿನಲ್ಲಿ ನಡೆಯುವುದು ಅಂಗಳಕ್ಕೆ ಕಾಣುವುದಿಲ್ಲ. ಮಕ್ಕಳ ಕರುಳು ಬೇಗ ವಾಸಿಯಾಗುತ್ತದೆ, ದೊಡ್ಡವರಿಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಬೇಕಾಗಬಹುದು. ಆಗಾಗ ಬೀಳುವ ಒಂದೊಂದು ತುತ್ತು ಆ ವಾಸಿಯನ್ನು ಹಿಂದಕ್ಕೆ ಎಳೆಯುತ್ತದೆ. ತೂಕ ಇಳಿಸಲೆಂದು ಕಾಯಿಲೆ ಇಲ್ಲದೆಯೂ ಗ್ಲುಟೆನ್ ಬಿಡುವವರು ಈಗ ಪಟ್ಟಣಗಳಲ್ಲಿ ಇದ್ದಾರೆ. ಅವರು ವಾರಕ್ಕೊಮ್ಮೆ ರಿಯಾಯಿತಿ ತೆಗೆದುಕೊಳ್ಳುವುದನ್ನು ನೋಡಿ, ಇದೂ ಅಂಥದೇ ಹಟ ಎಂದು ಜನ ತಿಳಿಯುತ್ತಾರೆ. ನಮ್ಮ ಮಕ್ಕಳಿಗೆ ರಿಯಾಯಿತಿಯ ದಿನ ಎಂಬುದು ಇಲ್ಲ. ದಯಮಾಡಿ ಒತ್ತಾಯ ಮಾಡಬೇಡಿ.

ಪ್ರಸಾದದ ವಿಷಯ ಬಹಳ ಸೂಕ್ಷ್ಮ. ಸತ್ಯನಾರಾಯಣ ಪೂಜೆಯ ಸಪಾದ ಪ್ರಸಾದಕ್ಕೆ ಗೋಧಿ ರವೆ ಹಾಕುತ್ತಾರೆ. ಪ್ರಸಾದ ತೆಗೆದುಕೊಳ್ಳದೆ ಓಡಿದ ಕಲಾವತಿಗೆ ಬಂದ ಕಷ್ಟವನ್ನು ಆ ಕಥೆಯಲ್ಲೇ ಕೇಳುತ್ತೇವೆ. ಹಿರಿಯರಿಗೆ ಅಂಜಿಕೆ ಆಗುವುದು ಸಹಜ. ಆದರೆ ಅದೇ ವ್ರತದ ವಿಧಿಯಲ್ಲಿ ಗೋಧಿ ಇಲ್ಲದಿದ್ದರೆ ಅಕ್ಕಿಹಿಟ್ಟು ಆಗುತ್ತದೆ ಎಂದು ಹೇಳಿದೆ. ನಮ್ಮ ಮನೆಗೆ ಬರುವ ಆಚಾರ್ಯರೇ ಅದನ್ನು ತೋರಿಸಿಕೊಟ್ಟರು. ಅಂದಿನಿಂದ ಅಕ್ಕಿ ತರಿಯನ್ನು ತುಪ್ಪದಲ್ಲಿ ಹುರಿದು, ಹಾಲು, ಸಕ್ಕರೆ, ಬಾಳೆಹಣ್ಣು ಹಾಕಿ ಮಾಡುತ್ತೇವೆ, ಬಂದವರೆಲ್ಲರಿಗೂ ಅದೇ ಪ್ರಸಾದ. ಕಥೋಲಿಕ ಚರ್ಚಿನಲ್ಲಿ ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಬೇಕೆಂಬ ನಿಯಮವಿದೆ, ಗ್ಲುಟೆನ್ ಅತಿ ಕಡಿಮೆ ಇರುವಂಥದ್ದು ನಡೆಯುತ್ತದೆ ಎಂದು ವ್ಯಾಟಿಕನ್ 2017ರಲ್ಲಿ ಮತ್ತೊಮ್ಮೆ ಹೇಳಿದೆ. ಅದರಲ್ಲಿ ಎಷ್ಟಿದೆ ಎಂದು ವೈದ್ಯರನ್ನೂ ಗುರುಗಳನ್ನೂ ಕೇಳಿ ನಿರ್ಧರಿಸಬೇಕು.

ಹಬ್ಬದ ಅಡುಗೆಗೆ ದಾರಿ ಇದೆ. ಹೋಳಿಗೆಯಲ್ಲಿ ಬೇಡವಾದದ್ದು ಕಣಕ ಮಾತ್ರ, ಹೂರಣ ಕಡಲೆಬೇಳೆ ಬೆಲ್ಲದ್ದು. ಅದೇ ಹೂರಣವನ್ನು ಬಿಸಿನೀರಿನಲ್ಲಿ ಉಕ್ಕರಿಸಿದ ಅಕ್ಕಿಹಿಟ್ಟಿನಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದರೆ ಕಡುಬು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿ ಇದ್ದ ಹಾಗೇ ನಡೆಯುತ್ತವೆ. ಗೋಧಿ ಹುಗ್ಗಿ, ಮಾದಲಿ ಹೋದವು. ಹುಗ್ಗಿಯ ಜಾಗಕ್ಕೆ ನವಣಕ್ಕಿ ಹಾಕಿ ನೋಡಿದೆವು, ರುಚಿ ಬೇರೆ, ಆದರೂ ಮಕ್ಕಳು ಬೋಗುಣಿ ಬಳಿದರು. ಏಕಾದಶಿಯ ಫಲಾಹಾರಕ್ಕೆ ಅನ್ನ ಬೇಡವೆಂದು ಉಪ್ಪಿಟ್ಟು ಮಾಡುವ ಮನೆಗಳಲ್ಲಿ ಸಾಬುದಾಣಿ ಖಿಚಡಿ, ಶೇಂಗಾ, ಹಣ್ಣು ಇಟ್ಟುಕೊಳ್ಳಬಹುದು.

ಶಾಲೆಯ ಅಕ್ಕೋರಿಗೆ ಒಂದು ಬಿನ್ನಹ. ಹುಟ್ಟುಹಬ್ಬದ ಕೇಕು ಹಂಚುವ ದಿನ ಮೊದಲೇ ಮನೆಗೆ ತಿಳಿಸಿ. ಆ ಮಗುವಿನ ಡಬ್ಬಿಯಲ್ಲೂ ಅಂದು ಒಂದು ಸಿಹಿ ಇರುವಂತೆ ತಾಯಿ ನೋಡಿಕೊಳ್ಳುತ್ತಾಳೆ. ಡಬ್ಬಿ ಬದಲಾಯಿಸಿ ತಿನ್ನುವ ಮಕ್ಕಳಿಗೆ ಬೈಯುವ ಬದಲು, ಇವಳಿಗೆ ಯಾಕೆ ಆಗುವುದಿಲ್ಲ ಎಂದು ಒಮ್ಮೆ ಇಡೀ ತರಗತಿಗೆ ವಿವರಿಸಿದರೆ ಮಕ್ಕಳೇ ಕಾವಲು ನಿಲ್ಲುತ್ತಾರೆ. ನನ್ನ ಮಗಳ ಬೆಂಚಿನ ಗೆಳತಿ ಅವಳ ಪರವಾಗಿ ಬಿಸ್ಕತ್ತಿನ ಪೊಟ್ಟಣ ಓದುತ್ತಿದ್ದಳು.

ಹೆಣ್ಣುಮಕ್ಕಳು ಬೆಳೆದು ಮದುವೆಯ ಮಾತು ಬಂದಾಗ ಕಾಯಿಲೆಯನ್ನು ಮುಚ್ಚಿಡುವವರನ್ನು ನೋಡಿದ್ದೇನೆ. ಹೊಸ ಮನೆಯ ಅಡುಗೆಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದೆ, ಎಲ್ಲರ ಜೊತೆ ಚಪಾತಿ ತಿಂದು, ರಕ್ತ ಬತ್ತಿ, ಗರ್ಭ ನಿಲ್ಲದೆ, ಕಡೆಗೆ ಎಲ್ಲ ದೂರೂ ಅವಳ ಮೇಲೆಯೇ ಬೀಳುತ್ತದೆ. ಪಥ್ಯ ಸರಿಯಾಗಿದ್ದರೆ ಅವಳು ಎಲ್ಲರಂತೆ ದುಡಿಯಬಲ್ಲಳು, ಎಲ್ಲರಂತೆ ತಾಯಿಯಾಗಬಲ್ಲಳು. ಮೊದಲ ಮಾತುಕತೆಯಲ್ಲೇ ಹೇಳಿ. ಗಂಡಿನ ಕಡೆಯವರು ಇದನ್ನು ಊನ ಎಂದು ಎಣಿಸಬಾರದು. ಜೋಳದ ರೊಟ್ಟಿ ಉಣ್ಣುವ ಸೊಸೆಗಾಗಿ ಯಾವ ಮನೆಯೂ ಬಡವಾಗುವುದಿಲ್ಲ.

ಕೊನೆಯದಾಗಿ, ಇಂಥ ಒಬ್ಬರನ್ನು ಊಟಕ್ಕೆ ಕರೆಯುವವರಿಗೆ. ಹಿಂದಿನ ದಿನವೇ ಫೋನು ಮಾಡಿ ಏನು ನಡೆಯುತ್ತದೆ ಎಂದು ಕೇಳಿ, ಅವರಿಗೆ ಅದು ಕಿರಿಕಿರಿ ಅಲ್ಲ. ಅನ್ನ, ಇಂಗಿಲ್ಲದ ತೊವ್ವೆ, ಒಂದು ಪಲ್ಯ, ಮೊಸರು ಇಷ್ಟಿದ್ದರೆ ತುಂಬಿದ ಊಟ. ಅವರ ಅಡುಗೆಯನ್ನು ಮೊದಲು ಮಾಡಿ, ಮುಚ್ಚಿಟ್ಟು, ಚಪಾತಿ ಪೂರಿ ಆಮೇಲೆ ಲಟ್ಟಿಸಿ. ಬಡಿಸುವಾಗ ಅದೇ ಕೈಯಿಂದ, ಅದೇ ಸೌಟಿನಿಂದ ಬಡಿಸಬೇಡಿ. ಅವರು ಮಸಾಲೆ ಪೊಟ್ಟಣ ನೋಡಬಹುದೇ ಎಂದು ಕೇಳಿದರೆ ತಂದು ಕೊಡಿ. ಮದುವೆಯಂಥ ದೊಡ್ಡ ಅಡುಗೆಯಲ್ಲಿ ಇದೆಲ್ಲ ಆಗದಿದ್ದರೆ ಅವರು ತಮ್ಮ ಡಬ್ಬಿ ತರುತ್ತಾರೆ. ಆಗ ಮುಖ ಗಂಟು ಹಾಕಿಕೊಳ್ಳದೆ, ಬೇರೆ ಕೋಣೆಗೆ ಕಳಿಸದೆ, ಅವರಿಗೂ ಒಂದು ಎಲೆ ಹಾಕಿ ಎಲ್ಲರ ಪಂಕ್ತಿಯಲ್ಲೇ ಕೂಡಿಸಿ.